ಚನಬಸಪ್ಪ ಹೊದೆಯದ ಬಾವುಟ

ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಹೆಣದ ಹೆಗಲ ಮೇಲಿಂದ ಕಾಶೆವ್ವ ಬಾವುಟ ಎಳೆದು, ಅದನ್ನು ಹೊದಿಸಿದ್ದ ನಾಗಲಿಂಗಪ್ಪನ ಕೈಗೇ ಕೊಟ್ಟಳು.

“ಇದು ಬ್ಯಾಡ್ರಿ.”

ನಾಗಲಿಂಗಪ್ಪ ಹಳಿಯಾಳದ ಕನ್ನಡ ಸಂಘವೊಂದರ ಮುಖಂಡ. ಫೋಟೊ ತೆಗೆಯುವವನನ್ನೂ ಕರೆತಂದಿದ್ದ. “ಅಕ್ಕಾರ, ಚನಬಸಪ್ಪ ಗಡಿ ಸಲುವಾಗಿ ರಕ್ತಾ ಸುರಿಸ್ಯಾನ. ನಾಳೆ ಪೇಪರಿನ್ಯಾಗ ಬರ್ತೈತಿ.”

“ಹಣಿ ಒಡದವ್ರು ಆ ಕಡಿಯವ್ರು. ಬೆರಳ ಮುರದವ್ರು ಯಾರ್ರಿ?”

ಅಂಗಳದಲ್ಲಿ ನೆರೆದಿದ್ದ ತೇರಗಾಂವದ ಜನ ನಾಗಲಿಂಗಪ್ಪನನ್ನೇ ನೋಡಿದರು.

*

ಹಣೆ ಒಡೆದದ್ದು, ಬೆರಳು ಮುರಿದದ್ದು ಏಳು ವರ್ಷದ ಹಿಂದಿನ ಮಾತು. ಹಳಿಯಾಳ, ಜೋಯಿಡಾ ಯಾವ ರಾಜ್ಯಕ್ಕೆ ಸೇರಬೇಕೆಂಬ ಜಗಳದಲ್ಲಿ ಬಂದ್ ಆಗಿತ್ತು. ಬಸ್ಸಿರಲಿಲ್ಲ. ಕುಂಬಾರವಾಡದಲ್ಲಿ ತುಳಜಾ ಎಂಬ ಚೊಚ್ಚಲ ಬಸುರಿಗೆ ನೋವು ಶುರುವಾಗಿತ್ತು. ಬಾಡಿಗೆಗೆ ಟೆಂಪೊ ತಂದು ಬಂದ್‌ನಿಂದಾಗಿ ಅಲ್ಲೇ ಉಳಿದಿದ್ದ ಚನಬಸಪ್ಪ ಅವಳನ್ನು ಅದರಲ್ಲೇ ಮಲಗಿಸಿಕೊಂಡು ದಾಂಡೇಲಿಯ ಆಸ್ಪತ್ರೆಗೆ ಹೊರಟ.

ಕಾಡಿನ ತಿರುವಿನಲ್ಲಿ ಒಂದು ಗುಂಪು ಮರ ಉರುಳಿಸಿ ನಿಂತಿತ್ತು. ಮಹಾರಾಷ್ಟ್ರಕ್ಕೆ ಜೈ ಅನ್ನು ಎಂದರು.

“ಮೊದಲ ಮರಾ ಸರಸ್ರಿ.”

ಗಾಜು ಒಡೆದು ಬಂದ ಕಲ್ಲು ಹಣೆಗೆ ಬಿತ್ತು. ಒಳಗೆ ತುಳಜಾ ಚೀರಿದ್ದು ಕೇಳಿದ ಮೇಲೆ ಅವರೇ ಮರ ಸರಿಸಿದರು.

ದಾಂಡೇಲಿಯ ಹತ್ತಿರ ಇನ್ನೊಂದು ಗುಂಪು, ಕನ್ನಡ ಬಾವುಟ ಹಿಡಿದವರದು. ಟೆಂಪೊದ ಹಲಗೆಯಲ್ಲಿ ಊರ ಹೆಸರುಗಳು ಕನ್ನಡದ ಕೆಳಗೆ ಮರಾಠಿಯಲ್ಲೂ ಇದ್ದವು. ಮರಾಠಿ ಅಕ್ಷರಗಳಿಗೆ ಡಾಂಬರು ಬಳಿಯಲು ಬಂದರು. ಚನಬಸಪ್ಪ ಹಲಗೆ ಬಿಡಲಿಲ್ಲ. ಬಡಿಗೆಯ ಏಟಿಗೆ ಬಲಗೈಯ ಎರಡು ಬೆರಳು ಮುರಿದವು. ಎಡಗೈಯಲ್ಲೇ ಸ್ಟೇರಿಂಗ್ ತಿರುಗಿಸುತ್ತ ಆಸ್ಪತ್ರೆ ಮುಟ್ಟಿಸಿದ. ತಾಯಿ ಮಗು ಇಬ್ಬರೂ ಉಳಿದರು.

ಮುಂದಿನ ವಾರವೇ ಹಲಗೆಗೆ ಮತ್ತೆ ಎರಡೂ ಭಾಷೆಯಲ್ಲಿ ಬರೆಸಿದ.

“ಸಾಯೂ ಹುಚ್ಚ ಹಿಡದೈತೇನು?” ಎಂದಳು ಕಾಶೆವ್ವ.

“ಹತ್ತೋ ಮಂದಿಗೆ ಗಾಡಿ ಎಲ್ಲಿಗಿ ಹೊಂಟೈತಂತ ತಿಳೀಬೇಕಲ್ಲ.”

*

ಹೆಣ ಎತ್ತುವ ಹೊತ್ತಿಗೆ ತುಳಜಾ ಬಸ್ಸಿಳಿದು ಓಡಿಬಂದಳು. ಅವಳೂ ಕಾಶೆವ್ವನೂ ಕೈ ಹಿಡಿದು ಮುಂದೆ ನಡೆದರು. ಹಿಂದೆ, ಹೆಗಲ ಮೇಲೆ ಹೊತ್ತ ಹೂವಿನ ವಿಮಾನದಲ್ಲಿ ಕೂರಿಸಿದ ಚನಬಸಪ್ಪ.

ಓಣಿಯ ನಡುವೆ ಸಂಘದ ಜೀಪು ಅಡ್ಡ ನಿಂತಿತ್ತು. ನಾಗಲಿಂಗಪ್ಪ ಇಳಿದು ಬಂದ. “ಬಾವುಟಾ ಹೊದಿಸಿ ಒಂದ ಫೋಟೊ ತಗಸೂಣ್ರಿ ಅಕ್ಕಾರ. ಆಮ್ಯಾಲ ಹೋಗೂಣು.”

“ಗಾಡಿ ತಗೀರಿ” ಎಂದಳು ಕಾಶೆವ್ವ. ನಡಿಗೆ ನಿಲ್ಲಿಸಲಿಲ್ಲ.

ತುಳಜಾ ಜೀಪಿನ ಮೂತಿಗೆ ಅಂಗೈ ಬಡಿದಳು. “ನಮ್ಮ ಕಾಕಾ ಹೊಂಟಾನ. ಹಿಂದ ತಗಿ!”

ಹೊತ್ತವರೂ ನಿಲ್ಲಲಿಲ್ಲ. ಚಾಲಕ ಮುಖಂಡನ ಮುಖ ನೋಡಿದ, ಹೆಣದ ಮುಖ ನೋಡಿದ, ಗೇರು ಹಾಕಿದ. ಬಾವುಟ ಕಟ್ಟಿದ ಜೀಪು ಡಾಂಬರು ರಸ್ತೆಯವರೆಗೂ ಹಿಂದಹಿಂದಕ್ಕೆ ಸರಿಯುತ್ತ ಹೋಯಿತು. ಅದರೆದುರು ಚನಬಸಪ್ಪ ನೆಟ್ಟಗೆ ಕುಳಿತು ಬರುತ್ತಿದ್ದ.