ಎರಡೂಕಾಲು ಕಿಲೋ ಜ್ವಾಳ

ಭಾಗೀರಥಿಬಾಯಿಗಿ ಸಂಶೇ ಜಾಸ್ತಿ ಅಂತಾರ ನಿಲಂಗಾ ಪ್ಯಾಟ್ಯಾಗ. ಅನ್ಲಿ ಬಿಡ್ರಿ. ಹಾಲಿನಾಂವ ಬಂದ್ರ ಹಾಲಿನಾಗ ಬಟ್ಟು ಅದ್ದಿ ನೋಡ್ತೀನಿ. ತುಪ್ಪದ ಡಬ್ಬಿ ಮುಚ್ಚಳಾ ಯಾವ ಕಡಿ ತಿರುವಿ ಇಟ್ಟಿದ್ದೆ ಅನ್ನೂದು ನಂಗ ನೆನಪಿರ್ತದ. ಕಿರಾಣಿ ದುಕಾನದ ಮನಿ ಇದು. ಮುಂದ ದುಕಾನ, ಹಿಂದ ನಾವು. ಕಣ್ಣ ತೆರದು ಕೂಡದಿದ್ರ ಹ್ಯಾಂಗ ನಡೀತದ ಹೇಳ್ರಿ?

ಯಜಮಾನ್ರು ಶಾಂತವೀರಪ್ಪ ದಿನಾ ಗಾದಿ ಮ್ಯಾಲ ಕುಂಡ್ರತಾರ. ಮಗಾ ರವಿಕಾಂತ ಟೆಂಪೋ ತಗೊಂಡು ಸುತ್ತಲಿನ ಹಳ್ಳಿಗಿ ಮಾಲು ಮುಟ್ಟಸ್ತಾನ. ಸೊಸಿ ಮಯೂರಿ, ಔರಾದ ಶಹಾಜನಿಯಾಕಿ. ನಾ ಈಗ ಹೇಳೂದು ಆಕಿ ಸುದ್ದಿ.

ಹೋದ ಮಳಿಗಾಲದಾಗ ಆಕಿಗಿ ದಿನಾ ತುಂಬೂಕಿಂತ ಮೊದಲೇ ಬ್ಯಾನಿ ಎದ್ದವು. ತವರಿಗಿ ಕಳಸೂ ವ್ಯಾಳ್ಯಾನೇ ಸಿಗಲಿಲ್ಲ, ಇಲ್ಲೇ ದವಾಖಾನಿಗಿ ಒಯ್ದಿವಿ. ಹೆಣ್ಣ ಕೂಸು. ಉಸಿರ ಇರಲಿಲ್ಲ. ಮಯೂರಿಗಿ ಇಂಜೆಕ್ಷನ್ ಕೊಟ್ಟು ಮಲಗಿಸಿದ್ರು. ಆಕಿಗಿ ಎಚ್ಚರಾಗೂದರೊಳಗ ಯಜಮಾನ್ರು ಕೂಸಿಗಿ ಮಣ್ಣ ಕೊಟ್ಟು ಬಂದಿದ್ರು. ಮನಿಗಿ ಬಂದ ಮ್ಯಾಲ ನಾನೇ ಎಲ್ಲಾರಿಗೂ ತಾಕೀತ ಮಾಡ್ದೆ, ಇದರ ಮಾತ ಯಾರೂ ಎತ್ತಬ್ಯಾಡ್ರಿ ಅಂತ. ತೊಟ್ಟಲಾ ಅಟ್ಟಕ್ಕ ಹಾಕಿಸ್ದೆ. ಬಾಣಂತನಾ ಅಂತ ಏನೂ ಮಾಡಲಿಲ್ಲ. ಬಿಸಿನೀರಿಲ್ಲ, ಅಗ್ಗಿಷ್ಟಿಗಿ ಇಲ್ಲ, ಅಂಟಿನುಂಡಿ ಇಲ್ಲ. ಕೂಸೇ ಇಲ್ಲ ಅಂದ್ರ ಎಲ್ಲೀ ಬಾಣಂತನಾ? ನಾಕು ದಿನಕ್ಕ ಆಕಿ ಒಲಿ ಮುಂದ ರೊಟ್ಟಿ ಬಡಿಲಾಕ ಕುಂತ್ಳು.

ಕುಂತ್ಳು ಖರೆ, ಬಾಯಿ ಮಾತ್ರ ತೆಗೀಲಿಲ್ಲ. ಕೇಳಿದ್ದಕ್ಕ ಹೂಂ, ಊಹೂಂ, ಇಷ್ಟೇ. ದೀಪಾವಳಿಗಿ ತವರಿಗಿ ಕಳಸಿದಿವಿ. ತಿರುಗಿ ಬರೂವಾಗ ಕೈಯಾಗ ಒಂದು ಚೀಲಾ, ಚೀಲದ ತುಂಬ ಅರಿವಿ ಚೂರು. ಉದಗೀರದಾಗ ಆಕಿ ಚಿಕ್ಕಮ್ಮ ಸುಮಂಗಲಾ ಅಂತ ಅದಾಳ, ಅರಿವಿ ಗೊಂಬಿ ಮಾಡ್ತಾಳ. ಆಕಿ ಕಲಿಸಿ ಕಳಸ್ಯಾಳಂತ. ಕೈ ನಡದ್ರ ಮನಸ ಹಗರ ಆಗ್ತದ ಅಂತ ಹೇಳ್ಯಾಳಂತ.

“ಗೊಂಬಿ ಹೊಲದ್ರ ಮನಸ ಹಗರ ಆಗೂದಿದ್ರ ದವಾಖಾನಿ ಎಲ್ಲಾ ಬಾಗಲಾ ಹಾಕ್ಕೊಂಡ ಹೋಗಬೇಕಾಗಿತ್ತಲಾ,” ಅಂದೆ ನಾ. ಮಯೂರಿ ತೆಲಿ ಬಗ್ಗಿಸಿ ಸೂಜಿಗಿ ದಾರಾ ಪೋಣಿಸಿದ್ಳು.

ಮೊದಲ ಗೇಣುದ್ದದ ಗೊಂಬಿ ಮಾಡಿದ್ಳು. ಕುಪ್ಪಸದ ಗುಂಡಿ ಕಣ್ಣು, ಕರೀ ಉಣ್ಣಿ ಕೂದಲ. ಓಣಿ ಹುಡುಗ್ಯಾರು ಬಂದು ಬೇಡಿ ಬೇಡಿ ಒಯ್ದರು. ಆಕಿ ಎರಡು ರೊಟ್ಟಿ ಉಣ್ಣಲಾಕ ಸುರು ಮಾಡಿದ್ಳು. ಒಂದಿನ ಭಾಂಡಿ ತಿಕ್ಕೋತ ಸಣ್ಣ ದನಿಲೆ ಹಾಡಲಿಕತ್ತಿದ್ಳು. ಬ್ಯಾರೇ ಅತ್ತಿ ಇದ್ರ ಖುಷಿ ಪಡ್ತಿದ್ಳೇನೋ. ನಂಗ ಅಲ್ಲೇ ಸಂಶೇ ಹತ್ತಿತು. ಇಷ್ಟ ಜಲ್ದಿ ಹ್ಯಾಂಗ ಆರಾಮಾತು? ಯಾರರ ಏನರ ತೆಲಿಯಾಗ ತುಂಬಲಿಕತ್ತಾರೇನು?

ಹೌದ್ರೀ, ನನ್ನ ಹಣಿಬರಾನೇ ಹಿಂಗದ.

ಆಮ್ಯಾಲ ಮಧ್ಯಾಹ್ನ ಊಟಾದ ಕೂಡ್ಲೆ ಖೋಲಿ ಬಾಗಲಾ ಹಾಕ್ಕೊಳ್ಳಲಾಕ ಸುರು ಮಾಡಿದ್ಳು. ಒಳಗ ಚಿಲಕಾ. ನಾ ಹೊರಗ ಅಕ್ಕಿ ಆರಸೂ ನೆಪಾ ಮಾಡಿ ಬಾಗಲಕ್ಕ ಕಿವಿ ಹಚ್ಚಿ ಕುಂಡ್ರತಿದ್ದೆ. ಕತ್ತರಿ ಸಪ್ಪಳ ಬರ್ತಿತ್ತು. ಸ್ವಲ್ಪ ಹೊತ್ತಿಗಿ ಹೊಲಿಗಿ ಬಿಚ್ಚೂ ಸಪ್ಪಳ. ಹೊಲಿಯೂದು, ಬಿಚ್ಚೂದು. ದಿನಾ ಇದೇ. ಹೊರಗ ಒಂದೂ ಗೊಂಬಿ ಬರಲಿಲ್ಲ.

ಅಷ್ಟರಾಗ ದುಕಾನದಾಗಿನ ಹಳೇ ಕೈ ತಕ್ಕಡಿ ಮಾಯ ಆತು. ಈಗ ಎಲ್ಲಾ ಬಟನ್ ಒತ್ತೂ ತಕ್ಕಡಿ ಬಂದಾವ, ಅದು ಮೊಳಿಗಿ ಸುಮ್ಮನ ಜೋತಾಡ್ತಿತ್ತು. ತಕ್ಕಡಿ ಇಲ್ಲ, ಅದರ ತೂಕದ ಕಲ್ಲೂ ಇಲ್ಲ. ಹುಡುಕ್ಕೋತ ಹೋದ್ರ ಆಕಿ ಪಲಂಗದ ಬುಡಕ ಸಿಕ್ತು. ಮನಿ ಜ್ವಾಳದ ಡ್ರಮ್ಮಿನಾಗ ಕೈ ಹಾಕಿ ನೋಡ್ದೆ. ನಾ ಗುರುತ ಮಾಡಿಟ್ಟ ಗೆರಿಕಿಂತ ಜ್ವಾಳ ಕೆಳಗಿಳದಿತ್ತು.

ಖೋಲ್ಯಾಗ ತಕ್ಕಡಿ, ಡ್ರಮ್ಮಿನಾಗ ಜ್ವಾಳ ಕಮ್ಮಿ. ಇನ್ನೇನ ಬೇಕು? ಕದ್ದು ಮಾರಲಿಕತ್ತಾಳ ಅಂತ ತಿಳಕೊಂಡೆ.

ಮರುದಿನ ದುಕಾನದ ಹಿಂದಿನ ಬಾಗಲದಾಗ ನಿಂತು ನೋಡ್ದೆ. ತೊಗರಿಬ್ಯಾಳಿ ತುಂಬಿದ ಸಣ್ಣ ಚೀಲಾ ಎತ್ತಿ, ಎರಡೂ ತೋಳಿನಾಗ ಹಿಡಕೊಂಡು, ಕಣ್ಣ ಮುಚ್ಚಿ ನಿಂತಿದ್ಳು. ಕೆಳಗಿಟ್ಟು ಸಕ್ರಿ ಚೀಲಾ ಎತ್ತಿದ್ಳು.

“ಏನ ನಡಸೀ ಅಲ್ಲಿ?”

ಬೆಚ್ಚಿ ಬಿದ್ಳು. “ಏನಿಲ್ರಿ ಅತ್ತೀ. ಸುಮ್ಮ ನೋಡ್ಲಿಕತ್ತಿದ್ದೆ.”

“ಸಕ್ರಿ ಚೀಲಾ ಕಣ್ಣ ಮುಚ್ಚಿ ನೋಡೂದು ಯಾವೂರ ಪದ್ಧತಿ?”

ಆಕಿ ಚೀಲಾ ಇಟ್ಟು ಒಳಗ ಹೋದ್ಳು. ರಾತ್ರಿ ಊಟದಾಗ ರವಿಕಾಂತಗ ಹೇಳಿದ್ರ ಅಂವಾ, “ಅವ್ವಾ, ಆಕಿಗಿ ಆಕಿ ಪಾಡಿಗಿ ಬಿಡಬಾರದೇನು?” ಅಂದಾ. ಅಂದ್ರ ಇಂವಗೂ ಗೊತ್ತದ! ನಂಗ ಮಗನ ಮ್ಯಾಲೂ ಸಂಶೇ ಬಂತು.

ಇನ್ನೊಂದು ಮಾತು. ನಾ ಹಿಟ್ಟ ನಾದೂವಾಗ ಆಕಿ ನನ್ನ ಕೈಯೇ ನೋಡ್ಕೋತ ಕುಂಡ್ರತಿದ್ಳು. ಮೊಳಕೈಯಿಂದ ಬಳಿ ತನಕ ಕಣ್ಣಾಡಿಸ್ತಿದ್ಳು. ಏನೋ ಕೇಳಬೇಕು ಅಂತ ಬಾಯಿ ತೆಗೀತಿದ್ಳು, ಮತ್ತ ಮುಚ್ಚತಿದ್ಳು. ಇಕಿ ಕಣ್ಣ ನನ್ನ ಬಂಗಾರದ ಬಳಿ ಮ್ಯಾಲ ಬಿತ್ತಪಾ ಅಂತ, ಸಾಬಾಣ ಹಚ್ಚಿ ಬಳಿ ಬಿಚ್ಚಿ ಟ್ರಂಕಿನಾಗ ಇಡಲಾಕ ಹೋದೆ. ಟ್ರಂಕ ತೆರದ್ರ ನನ್ನ ಹಳೇ ನೀಲಿ ಇಳಕಲ್ ಸೀರಿ ಇಲ್ಲ! ತೊಳದು ತೊಳದು ಬೆಣ್ಣಿ ಹಂಗ ಮೆತ್ತಗಾಗಿದ್ದ ಸೀರಿ. ಅದನ್ನ ಮಾರಲಾಕ ಹೋದ್ರ ಯಾರ ತಗೋತಾರ? ಮಾರಲಿಕ್ಕಲ್ಲ ಅಂದ್ರ ಮತ್ಯಾಕ ಒಯ್ದಾಳ?

ಎದುರ ಮನಿ ಪ್ರೇಮಾಬಾಯಿ ಮುಂದ ಹೋಗಿ ಎಲ್ಲಾ ಹೇಳ್ದೆ. ಆಕಿ ಉದಗೀರದಾಕಿ, ಅರ್ಧಾ ಮರಾಠಿ, ಅರ್ಧಾ ಕನ್ನಡ. ಕೇಳ್ಕೋತ ಕೇಳ್ಕೋತ ಗಲ್ಲದ ಮ್ಯಾಲ ಕೈ ಇಟ್ಟಳು.

“ಅಗಂ ಬಾಯಿ! ಉಟ್ಟ ಸೀರಿ, ಗೊಂಬಿ, ಮನಿ ಕಾಳು. ಭಾನಾಮತಿ ಅದು, ಭಾಗೀರಥಿಬಾಯಿ! ನಿಮ್ಮ ಮ್ಯಾಲ ಮಾಟಾ ಮಾಡಲಿಕತ್ತಾಳ.”

“ನನ್ನ ಮ್ಯಾಲ ಯಾಕ ಮಾಡ್ತಾಳವಾ? ನಾ ಏನ ಮಾಡೀನಿ?”

“ಕೂಸಿನ ಜೋಡಿ ಆವತ್ತು ನೀವೊಬ್ಬಾಕೇ ಇದ್ರಲಾ. ಆಕಿ ಮನಸಿನಾಗ ಏನದ ಯಾರಿಗಿ ಗೊತ್ತು?”

ಅಲ್ಲಿಂದ ನನ್ನ ಮೊಣಕಾಲ ನೋಯಲಿಕತ್ತವು. ಉಂಡದ್ದು ಇಳೀಲಿಲ್ಲ. ಆಕಿ ಕೊಟ್ಟ ಚಾ ಹೂವಿನ ಕುಂಡದಾಗ ಸುರುವಿ, ನಾನೇ ಮಾಡಿಕೊಂಡ ಕುಡದೆ. ಅಂಜಿದ್ದೆ ರೀ, ಸುಳ್ಳ ಯಾಕ ಹೇಳ್ಲಿ? ಅಂಜಿಕಿ ಹೆಚ್ಚಾದಂಗ ಸಿಟ್ಟೂ ಹೆಚ್ಚಾತು. ಯಜಮಾನ್ರಿಗಿ ಕೇಳಿದ್ರ, “ವಿಚಾರ ಮಾಡಿ ಮಾಡು,” ಅಂದು ಪೇಪರ ಓದಲಾಕ ಕುಂತ್ರು. ನಾ ಔರಾದಕ್ಕ ಫೋನ್ ಹಚ್ಚಿ ಮಯೂರಿ ಅಪ್ಪ ಗುರುಲಿಂಗಪ್ಪಗ ಹೇಳ್ದೆ.

“ಬೀಗರ, ಬಂದು ಮಗಳಿಗಿ ಕರಕೊಂಡ ಹೋಗ್ರಿ. ತಿರುಗಿ ಯಾವಾಗ ಕಳಸಬೇಕು ಅನ್ನೂದು ನಾವೇ ಹೇಳ್ತೀವಿ.”

ಇಂಥಾ ಮಾತಿಗಿ ಅರ್ಥ ಏನಂತ ನಮ್ಮ ಕಡಿ ಸಣ್ಣ ಹುಡುಗರಿಗೂ ಗೊತ್ತದ.  ಬೀಗರು, “ಬರ್ತೀನ್ರಿ ಅಕ್ಕಾರ,” ಅಂದ್ರು.

ಮರುದಿನ ಊಟದ ಹೊತ್ತಿಗಿ ಬಂದ್ರು. ಬಾಳಿಹಣ್ಣಿನ ಚೀಲಾ ಹಿಡಕೊಂಡು ಪಡಸಾಲ್ಯಾಗ ಕುಂತ್ರು. ರವಿಕಾಂತ ಶಿರೂರ ಅನಂತಪಾಳಕ್ಕ ಮಾಲು ಒಯ್ದಿದ್ದ. ಅಂವಾ ಇಲ್ಲದ ದಿನಾ ನೋಡೇ ನಾ ಕರಸಿದ್ದೆ. ಮಯೂರಿ ಜಳಕಕ್ಕ ಹೋಗಿದ್ಳು, ಅಪ್ಪ ಬಂದದ್ದೂ ಆಕಿಗಿ ಗೊತ್ತಿರಲಿಲ್ಲ. ಇದೇ ವ್ಯಾಳ್ಯಾ ಅಂತ ನಾ ಆಕಿ ಖೋಲಿ ಹೊಕ್ಕೆ.

ಪೆಟಗಿಯಾಗ ಮ್ಯಾಲ ಆಕಿ ಸೀರಿ, ಕೆಳಗ ಅದು ಇತ್ತು. ನನ್ನ ನೀಲಿ ಸೀರಿ ಸುತ್ತಿತ್ತು. ಎತ್ತಿದ್ರ, ಅಯ್ಯ ಶಿವನೇ, ಎಷ್ಟ ವಜನ! ಅರಿವಿ ಗೊಂಬಿ ಅಷ್ಟು ವಜನ ಇರ್ತದೇನು? ಕೈ ಇತ್ತು, ಕಾಲಿತ್ತು, ತೆಲಿ ಇತ್ತು. ಮುಖಾ ಇರಲಿಲ್ಲ. ಕಣ್ಣಿನ ಕಡೆ, ಬಾಯಿ ಕಡೆ ಹೊಲಿಗಿ ಹಾಕಿ ಬಿಚ್ಚಿದ ತೂತು ಅಷ್ಟೇ. ಬಾಜೂಕಿದ್ದ ಆಕಿ ಕತ್ತರಿನೂ ಎತ್ತಿಕೊಂಡೆ.

ಹೊರಗ ತಂದು ಬೀಗರ ಮುಂದ ಒಗದೆ. “ನೋಡ್ರಿ ನಿಮ್ಮ ಮಗಳ ಕೆಲಸಾ! ಇದು ನನ್ನ ಸೀರಿ. ಇದು ನಾನು. ನನ್ನ ಮುಖಾ ಹೊಲೀಲಾಕ ಅಮಾಸಿ ದಾರಿ ನೋಡ್ಲಿಕತ್ತಿರಬೇಕು!”

“ಏನಂತೀರಿ ಅಕ್ಕಾರ…” ಬೀಗರು ಕುರ್ಚಿ ತುದಿಗಿ ಸರದ್ರು.

ಕತ್ತರಿ ನನ್ನ ಕೈಯಾಗೇ ಇತ್ತು. ಗೊಂಬಿ ಹೊಟ್ಟಿ ಕರಕ್ ಅಂತ ಕತ್ತರಿಸ್ದೆ. ಒಳಗ ಕೂದಲ, ನಿಂಬಿಹಣ್ಣು, ಮೊಳಿ ಇರ್ತಾವ ಅಂತ ಪ್ರೇಮಾಬಾಯಿ ಹೇಳಿದ್ಳು. ಜ್ವಾಳ ಸುರೀತು. ಬರೇ ಜ್ವಾಳ. ಪಡಸಾಲಿ ತುಂಬ ಉಳ್ಳಾಡಿ, ಬೀಗರ ಕಾಲಿನ ತನಕ ಹೋತು.

ಮಯೂರಿ ಬಂದ್ಳು. ಹಸೀ ಕೂದಲಿಂದ ನೀರ ಇಳೀತಿತ್ತು. ಅಪ್ಪನ್ನ ನೋಡಿದ್ಳು, ನನ್ನ ಕೈಯಾಗಿನ ಕತ್ತರಿ ನೋಡಿದ್ಳು.  ಕೆಳಗ ಕುಂತು ಜ್ವಾಳ ಉಡಿಯಾಗ ತುಂಬಿಕೊಳ್ಳಲಿಕತ್ತಿದ್ಳು. ಕಾಳು ಕಾಳು ಆರಿಸಿ ಆರಿಸಿ.

“ಏನಿದು? ಬಾಯಿ ಬಿಡು! ಯಾರ ಹೇಳಿಕೊಟ್ಟಾರ ನಿನಗ ಈ ವಿದ್ಯಾ?” ಅಂತ ನಾ ಒದರ್ದೆ.

ತೆಲಿ ಎತ್ತದೇ ಅಂದ್ಳು, “ಎರಡೂಕಾಲು ಕಿಲೋ ರೀ ಅತ್ತೀ. ದವಾಖಾನಿ ಸಿಸ್ಟರ್ ಇನ್ನೊಬ್ಬಾಕಿಗಿ ಹೇಳೂವಾಗ ಕೇಳಿಸ್ತು. ಅದೊಂದೇ ನಂಗ ಗೊತ್ತು. ತಕ್ಕಡಿಯಾಗ ತೂಗಿ ತುಂಬೀನಿ.”

ನಂಗ ತಿಳೀಲಿಲ್ಲ. ತಿಳೀಲಿಲ್ಲ ಅಂತ ಹೇಳೂದಕ್ಕಿಂತ, ತಿಳೀಲಾಕ ಮನಸ ಒಲ್ಲೆ ಅಂತು.

“ಉದ್ದ ಎಷ್ಟಿತ್ತು ಗೊತ್ತಿಲ್ರಿ. ಅದಕ್ಕೇ ದಿನಾ ಹೊಲಿತೀನಿ, ದಿನಾ ಬಿಚ್ಚತೀನಿ. ಒಂದಿನ ಭಾಳ ಸಣ್ಣ ಆಗ್ತದ, ಒಂದಿನ ದೊಡ್ಡದಾಗ್ತದ. ಮುಖಾ ಹ್ಯಾಂಗಿತ್ತು ಅದೂ ಗೊತ್ತಿಲ್ಲ. ನಂಗ ಯಾರೂ ತೋರಿಸಲಿಲ್ಲ.” ಒಂದು ಮುಷ್ಟಿ ಜ್ವಾಳ ಉಡಿಗಿ ಹಾಕಿದ್ಳು. “ಸೀರಿ ಕದ್ದದ್ದು ತಪ್ಪಾತ್ರಿ. ನಾ ಬಸರಿದ್ದಾಗ, ಕುಬಸದ ದಿನಾ ನೀವೇ ಹೇಳಿದ್ರಿ, ಕೂಸಿನ ಮೈಗಿ ಹತ್ತೂ ಮೊದಲನೇ ಅರಿವಿ ಅಜ್ಜಿ ಸೀರಿ ಆಗಬೇಕು ಅಂತ. ತೊಳದು ಇಟ್ಟೀನಿ ಅಂದಿದ್ರಿ. ಆವತ್ತು ಗಡಬಡಿಯಾಗ ಮನ್ಯಾಗೇ ಉಳದಿತ್ತು.”

ನಾ ಕತ್ತರಿ ಕೆಳಗಿಟ್ಟು ಅಲ್ಲೇ ನೆಲದ ಮ್ಯಾಲ ಕುಂತೆ. ಮೊಣಕಾಲ ನೋವು ನೆನಪಿಗೇ ಬರಲಿಲ್ಲ.

ಖರೆ ಅದ. ನಾನೇ ಹೇಳಿದ್ದೆ. ನಮ್ಮ ಮನಿತನದಾಗ ಹುಟ್ಟಿದ ಎಲ್ಲಾ ಕೂಸುಗೋಳನ್ನೂ ಅಜ್ಜಿ ಸೀರಿಯಾಗೇ ಸುತ್ಯಾರ. ಈ ಕೂಸು ಮಾತ್ರ ದವಾಖಾನಿ ಬಿಳೀ ಅರಿವ್ಯಾಗ ಹೋತು. ಸಿಸ್ಟರ್ ಗಂಟ ತಂದು ನನ್ನ ತೋಳಿನಾಗ ಇಟ್ಟು ಹೋಗಿದ್ಳು. ಯಜಮಾನ್ರು ಬರೂ ತನಕ ನಾ ಹಿಡಕೊಂಡು ಕುಂತಿದ್ದೆ. ಅವರಾಗ್ಲಿ ರವಿಕಾಂತ ಆಗ್ಲಿ ಅರಿವಿ ಸರಿಸಿ ನೋಡಲಿಲ್ಲ. ಈ ಭೂಮಿ ಮ್ಯಾಲ ಆ ಕೂಸಿನ ಮುಖಾ ಕಣ್ತುಂಬ ನೋಡಿದಾಕಿ ನಾ ಒಬ್ಬಾಕೇ. ಯಾರ ಮುಂದೂ ಹೇಳಿದ್ದಿಲ್ಲ. ಹೇಳಿದ್ರ ಆಕಿ ಎದಿ ಒಡೀತದ ಅಂತ ಬಾಯಿ ಕಟ್ಟಿದ್ದೆ. ಆಕಿ ನನ್ನ ಕೈ ನೋಡ್ತಿದ್ದದ್ದು ಬಳಿ ಸಲುವಾಗಿ ಅಲ್ಲ. ಕೂಸು ಈ ತೋಳಿನಾಗ ಮಲಗಿತ್ತು ಅಂತ ನೋಡ್ತಿದ್ಳು. ಥೂ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ್ಲಿ!

“ಇಲ್ಲಿ ಬಾ,” ಅಂದೆ.

ಆಕಿ ಅಂಜಿಕೋತ ಸಮೀಪ ಬಂದ್ಳು. ನಾ ಎಡಗೈ ಮಡಚಿ ಹಿಡದೆ. “ತೆಲಿ ಇಲ್ಲಿ ಇತ್ತು, ಮೊಳಕೈಯಾಗ. ಕಾಲು…” ಬಳಿ ಬಿಚ್ಚಿದ ಕಡೆ ಚರ್ಮಾ ಬೆಳ್ಳಗ ಪಟ್ಟಿ ಬಿದ್ದಿತ್ತು. ಅಲ್ಲಿಗಿ ಬಟ್ಟು ಇಟ್ಟೆ. “ಕಾಲು ಇಲ್ಲಿಗಿ ಬರ್ತಿದ್ದವು. ಹಿಮ್ಮಡ ಬಳಿಗಿ ಹತ್ತತಿತ್ತು.”

ಮಯೂರಿ ಸೂಜಿ ದಾರಾ ತಂದು ನನ್ನ ತೋಳ ಅಳದ್ಳು.  ಅಳತಿಗಿ ಗಂಟ ಹಾಕಿದ್ಳು.

“ಕೂದಲಾ?” ಅಂದ್ಳು.

“ಕರ್ರಗ. ದಟ್ಟಗ. ಹಣಿ ತನಕ ಇಳದಿದ್ದವು.”

“ಗಲ್ಲಾ?”

“ನಿಂದೇ. ನಡುವ ಕುಣಿ.”

“ಮೂಗು?”

ನಾ ಸೆರಗ ಬಾಯಿಗಿ ಒತ್ತಿಕೊಂಡೆ. ತಡೀಲಿಲ್ಲ. “ಮೂಗು ನಂದು ಯವ್ವಾ. ಈ ಡೊಂಕ ಮೂಗು. ಬಿಟ್ಟು ಬಿಟ್ಟು ಇದನ್ನೇ ತಂದೀಯೇನ ಪುಟ್ಟೀ ಅಂತ ನಾ ಆಕಿಗಿ ಬೈದಿದ್ದೆ, ಅಲ್ಲೇ ಕುಂತು.”

ಆವಾಗ ಆಕಿ ಅತ್ತಳು. ಆ ಮಳಿಗಾಲದಿಂದ ಅಳಲಾರದ ಹುಡುಗಿ ನನ್ನ ತೊಡಿ ಮ್ಯಾಲ ತೆಲಿ ಇಟ್ಟು ಗೊಳೋ ಅಂತ ಅತ್ತಳು. ನಾನೂ ಅತ್ತೆ. ಯಜಮಾನ್ರು ಗಾದಿ ಬಿಟ್ಟು ಎದ್ದು ಬಂದು, ಬಾಗಲದಾಗ ನಿಂತು, ಜ್ವಾಳ ತುಳೀಬಾರದಂತ ಅಲ್ಲೇ ನಿಂತ್ರು. ಮೂವರೂ ಕೂಡಿ ಆಮ್ಯಾಲ ಜ್ವಾಳ ಬಳದಿವಿ. ತಕ್ಕಡಿ ನಾನೇ ತಂದೆ. ನಾಕು ಕಾಳು ಕಮ್ಮಿ ಬಿತ್ತು, ಡ್ರಮ್ಮಿನಿಂದ ಹಾಕ್ದೆ.

ಬೀಗರು ಇನ್ನಾ ಕುರ್ಚಿ ತುದಿಗೇ ಕುಂತಿದ್ರು. ಬಂದಾಗ ಕೊಟ್ಟ ಚಾ ಮುಂದ ಹಂಗೇ ಆರಿ ಹೋಗಿತ್ತು. ಕಣ್ಣ ಒರಸಿಕೊಂಡು ಮೆಲ್ಲಗ ಕೇಳಿದ್ರು, “ಅಕ್ಕಾರ, ಮೂರಕ್ಕ ಔರಾದ ಬಸ್ಸದ. ಮಯೂರಿಗಿ ಚೀಲಾ ತುಂಬಿಕೊಳ್ಳಂತ ಹೇಳ್ಲ್ಯಾ?”

“ಯಾವ ಬಸ್ಸು? ಹುಚ್ಚ ಹಿಡದದೇನ್ರಿ ಬೀಗರ ನಿಮಗ?” ಅಂದೆ. “ಬಾಣಂತಿ ಆಕಿ. ಹಸೀ ಕೂದಲಾ ಬಿಟ್ಟಕೊಂಡು ಗಾಳಿಗಿ ಕುಂತಾಳ, ಮೊದಲ ಆ ಕಿಟಕಿ ಹಾಕ್ರಿ.”

ಹಾಂಗಂದು ನಾ ಅಡಗಿಮನಿಗಿ ಹೋಗಿ, ಅಂಟಿನುಂಡಿಗಿ ಕೊಬ್ಬರಿ ಹೆರೀಲಾಕ ಕುಂತೆ.