ರೋಜಾಳ ತುತ್ತು

ಪಾಲಮಲೆಯ ತಪ್ಪಲಿನ ಆ ಊರಲ್ಲಿ ರೋಜಾಳಿಗೆ ಹನ್ನೆರಡು ತುಂಬಿತ್ತು. ನಡೆದವಳಲ್ಲ, ಮಾತಾಡಿದವಳಲ್ಲ. ಹುಟ್ಟಿದಂದಿನಿಂದ ಅವಳನ್ನು ಎತ್ತಿ, ತೊಳೆದು, ಉಣ್ಣಿಸಿದವಳು ಅಜ್ಜಿ ಮಾದಮ್ಮ. ತಾಯಿ ಸರಿತಾ ನಸುಕಿನ ಬಸ್ಸಿಗೆ ತಾರಮಂಗಲಂ ಕಡೆ ಮಗ್ಗದ ಕೆಲಸಕ್ಕೆ ಹೋದರೆ ಮರಳುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ತಂದೆ ಪಳನಿ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಊರ ಮುಖ ಕಾಣುತ್ತಿರಲಿಲ್ಲ.

ಇಂಥ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುವ ಹೆತ್ತವರಿಗೆ ಸರ್ಕಾರ ತಿಂಗಳಿಗಿಷ್ಟು ಕೊಡುತ್ತದೆಂದು ತಿಳಿದು ಸರಿತಾ ಮಗ್ಗ ಬಿಟ್ಟಳು. ಅತ್ತೆ ಮಾದಮ್ಮನ ಮೊಣಕಾಲೂ ಸೋತಿತ್ತು. ಬೆಳೆದ ಹುಡುಗಿಯನ್ನು ಎತ್ತಿಕೊಂಡು ಹಿತ್ತಲಲ್ಲಿ ಒಮ್ಮೆ ಬಿದ್ದೂ ಇದ್ದಳು.

ಆದರೆ ರೋಜಾ ತಾಯಿಯ ಕೈತುತ್ತಿಗೆ ಬಾಯಿ ತೆರೆಯಲಿಲ್ಲ. ಮುಖ ತಿರುಗಿಸಿ ಅಜ್ಜಿಯನ್ನೇ ಹುಡುಕುತ್ತಿದ್ದಳು. ಪಕ್ಕದ ಮನೆಯ ಲಕ್ಷ್ಮಮ್ಮ ಬೇಲಿಯಾಚೆಯಿಂದಲೇ ನಕ್ಕಳು. "ಏನಮ್ಮೀ ಸರಿತಾ, ಸಂಬಳ ನಿಂಗೆ, ಕೆಲ್ಸ ನಿಮ್ಮತ್ತೆಗಾ?"

ಆ ಮಾತು ಸರಿತಾಳ ಎದೆಗೆ ಮುಳ್ಳಿನಂತೆ ನಾಟಿತು.

"ಅತ್ತೆ, ನಾ ಮತ್ತೆ ಮಗ್ಗಕ್ಕೇ ಓಯ್ತೀನಿ," ಎಂದಳು. "ಅವಳ್ಗೆ ನಾನ್ಯಾರೋ ಆಗೋಗಿವ್ನಿ."

ಮಾದಮ್ಮ ಜಗಿಯುತ್ತಿದ್ದ ಎಲೆಯಡಿಕೆ ಉಗುಳಿ ಬಂದಳು. "ನಾ ಕಣ್ಮುಂದೆ ಇರೋಗಂಟ ಅವ್ಳು ನಿನ್ ಕೈಗೆ ಬರಾಕಿಲ್ಲ. ಮೊರಪ್ಪೂರ್‌ನಾಗೆ ಮಗಳ ಮನೇಲಿ ಕೊಂಚ ದಿವ್ಸ ಇದ್ದು ಬತ್ತೀನಿ."

"ಉಣ್ದೇ ಓದ್ರೆ?"

"ನಾ ಸತ್ಮೇಲೂ ಉಣ್ಬೇಕಲ್ಲಮ್ಮಾ. ಇವಾಗ್ಲೇ ಕಲೀಲಿ."

ಬೆಳಿಗ್ಗೆ ಮಾದಮ್ಮ ಮೊಮ್ಮಗಳ ಕಡೆ ತಿರುಗಿಯೂ ನೋಡದೆ ಹೊರಟಳು. ನೋಡಿದ್ದರೆ ಕಾಲು ಏಳುತ್ತಿರಲಿಲ್ಲ.

ಅಂದೆಲ್ಲ ರೋಜಾ ಗಂಟಲು ಬಿರಿಯುವಂತೆ ಅತ್ತಳು. ಅಂಬಲಿ ಉಗುಳಿದಳು. ಮಾರನೆಯ ದಿನ ನೀರು ಬಿಟ್ಟರೆ ಏನೂ ಇಳಿಯಲಿಲ್ಲ. ಸರಿತಾ ಅತ್ತೆಗೆ ಬರಲು ಹೇಳಿಬಿಡೋಣವೆಂದು ಫೋನ್ ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಕೊನೆಗೆ ಪುಸಲಾಯಿಸುವುದನ್ನೇ ಬಿಟ್ಟು ಮಗಳನ್ನು ಎದೆಗೊರಗಿಸಿಕೊಂಡು ಕೂತುಬಿಟ್ಟಳು. ಅವಳಿಗೂ ಅಳು ಬಂತು. "ಅಜ್ಜಿ ಇಲ್ದೆ ನಂಗೂ ಆಗಕಿಲ್ಲ ಕಣೇ," ಎಂದಳು.

ಸೆಟೆದಿದ್ದ ಮೈ ಮೆಲ್ಲನೆ ಸಡಿಲವಾಯಿತು. ಸರಿತಾ ಬೆರಳನ್ನು ಅಂಬಲಿಯಲ್ಲಿ ಅದ್ದಿ ತುಟಿಗೆ ಮುಟ್ಟಿಸಿದಳು. ರೋಜಾ ನೆಕ್ಕಿದಳು. ಇನ್ನೊಂದು ಸಲವೂ ನೆಕ್ಕಿದಳು. ಹೊತ್ತು ಇಳಿಯುವಷ್ಟರಲ್ಲಿ ಬಟ್ಟಲು ಅರ್ಧ ಖಾಲಿಯಾಗಿತ್ತು.

ವಾರ ಕಳೆದು ಮಾದಮ್ಮ ಹಿಂದಿರುಗಿದಾಗ ಊಟದ ಹೊತ್ತು. ಅಜ್ಜಿಯನ್ನು ಕಂಡದ್ದೇ ರೋಜಾ ಕೈ ಬಡಿದು ಕೂಗಿದಳು. ಮಾದಮ್ಮ ಚೀಲ ಎಸೆದು ಬಂದು, ಸೊಸೆಯ ಕೈಯಿಂದ ಬಟ್ಟಲು ಇಸಿದುಕೊಂಡು ತುತ್ತು ಹಿಡಿದಳು. ರೋಜಾ ಅಜ್ಜಿಯನ್ನು ನೋಡಿ ನಕ್ಕಳು. ನಗುತ್ತಲೇ ತಾಯಿಯ ಕಡೆ ತಿರುಗಿ ಬಾಯಿ ತೆರೆದಳು.

ಮಾದಮ್ಮನ ಕೈ ನಿಂತಲ್ಲೇ ನಿಂತಿತು. "ಆಯ್ತು ಬುಡು, ಕಲ್ತವ್ಳೆ," ಎಂದು ಬಟ್ಟಲು ಸೊಸೆಗೆ ಕೊಟ್ಟು ಹಿತ್ತಲಿಗೆ ನಡೆದಳು.

ಮಗಳ ಊಟ ಮುಗಿಯುವ ತನಕ ಸರಿತಾ ಏಳುವಂತಿರಲಿಲ್ಲ. ಬಾಯಿ ಒರೆಸಿ, ಮಲಗಿಸಿ ಹೋದರೆ ಅತ್ತೆ ಬಾವಿಕಟ್ಟೆಯ ಮೇಲೆ ಸೆರಗು ಮುಖಕ್ಕೊತ್ತಿ ಕೂತಿದ್ದಳು. ಸರಿತಾ ಪಕ್ಕದಲ್ಲೇ ಕೂತಳು.

"ಅತ್ತೆ, ನಾಳೀಕ್ ಅವಳ್ಗೆ ತಲೆ ತೊಳೀಬೇಕು. ನಾನೊಬ್ಳೇ ಇಡ್ಕೊಳ್ಳಕ್ ಆಗಲ್ಲ."

ಮಾದಮ್ಮ ಮೂಗು ಒರೆಸಿಕೊಂಡಳು. "ನೀ ಇಡ್ಕೋ," ಎಂದಳು. "ನೀರು ನಾ ಉಯ್ತೀನಿ."