ನಿಂತು ಬಲೆ ಬೀಸುವ ದೋಣಿ

ಸೊರಬದ ಗುಜರಿ ಅಂಗಡಿಯಿಂದ ಆ ಹಳೇ ಅಲ್ಯೂಮಿನಿಯಂ ದೋಣಿ ಅಂಜನಾಪುರ ಡ್ಯಾಮಿಗೆ ಬಂದ ದಿನದಿಂದ ಯಮುನಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಂಡ ವೀರೇಶ ಬೈಕಿನಿಂದ ಬಿದ್ದು ಎರಡು ವರ್ಷವಾಗಿತ್ತು. ಮಂಡಿ ಮಡಚಲು ಬಾರದವನು ತೆಪ್ಪದಲ್ಲಿ ಕುಕ್ಕರಗಾಲಲ್ಲಿ ಕೂರುವುದು ಹೇಗೆ? ಇಡೀ ಡ್ಯಾಮಿನಲ್ಲಿ ಅವನಷ್ಟು ಚೆಂದ ಬಲೆ ಬೀಸುವವರಿರಲಿಲ್ಲ. ಈಗ ದಡದಲ್ಲಿ ಕೂತು, ಹೆಂಡತಿ ಹರಿದುಕೊಂಡು ತಂದ ಬಲೆ ಹೊಲಿಯುತ್ತಿದ್ದ. ಅದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಅವನು ನಿಂತೇ ಬಲೆ ಬೀಸುವಂಥ ದೋಣಿ ಇದಾಗಲೇಬೇಕಿತ್ತು.

ಕೆಲಸ ಶಿಕಾರಿಪುರದ ವೆಲ್ಡಿಂಗ್ ಶಾಪಿನ ಮಹಾಂತೇಶನ ಪಾಲಿಗೆ ಬಿತ್ತು. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಪುಣ್ಯಾತ್ಮ ತೂತು ಮುಚ್ಚಿದವನೇ ದೋಣಿಗೂ ಟ್ರೇಲರಿನ ಹಾಗೇ ಅಂಚಿನ ಮಟ್ಟಕ್ಕೆ ಹಲಗೆ ಹೊಡೆದ. "ಎತ್ತಿನ ಜೋಡಿ ನಿಲ್ಸಿದ್ರೂ ಅಲ್ಲಾಡಂಗಿಲ್ಲ ನೋಡಕ್ಕಾ" ಎಂದು ನೀರಿಗಿಳಿಸಿ ತಾನೇ ಹತ್ತಿ ನಿಂತ. ದೋಣಿ ಎಡಕ್ಕೊಮ್ಮೆ ವಾಲಿತು, ಬಲಕ್ಕೊಮ್ಮೆ ವಾಲಿತು. ಮೂರನೇ ಸಲಕ್ಕೆ ಮಹಾಂತೇಶ ಮೊಬೈಲು ಸಮೇತ ನೀರಿನಲ್ಲಿದ್ದ!

ದಡದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ವೀರೇಶ ಮಾತ್ರ ನಗಲಿಲ್ಲ.

"ಬಿಡು ಮಾರಾಯ್ತಿ, ನನ್ನ ನೀರಿನ ಋಣ ತೀರ್ತು" ಎಂದ.

ಯಮುನಮ್ಮನಿಗೆ ರೇಗಿಹೋಯಿತು. "ಋಣ ಗಿಣ ಅಂದ್ರೆ ನೋಡ್ರಿ ಮತ್ತೆ!" ಎಂದವಳೇ ತೊಟ್ಟಿಕ್ಕುತ್ತಿದ್ದ ಮಹಾಂತೇಶನ ಕಡೆ ತಿರುಗಿದಳು. "ತೆಪ್ಪದಾಗೆ ನಾವು ತಳದಾಗೆ ಕೂತ್ಕೊಂತೀವಿ, ಅಂಚಿನ ಮ್ಯಾಲಲ್ಲ. ಭಾರ ಕೆಳಗಿದ್ರೆ ದೋಣಿ ಮಾತು ಕೇಳ್ತತಿ. ಹಲಗೆ ಕಿತ್ತು ತಳಕ್ಕೆ ಹಾಕಪ್ಪ."

ಹಲಗೆ ತಳಕ್ಕಿಳಿಯಿತು. ತೋಟಕ್ಕೆ ಹಾಕುವ ದಪ್ಪ ಪಿವಿಸಿ ಪೈಪು ಎರಡು ತಂದು, ತುದಿಗಳಿಗೆ ನೀರು ನುಗ್ಗದ ಹಾಗೆ ಮುಚ್ಚಳ ಅಂಟಿಸಿ, ದೋಣಿಯ ಎರಡೂ ಪಕ್ಕಕ್ಕೆ ಬಿಗಿದರು. ವಾಲಿದ ಕಡೆ ಪೈಪು ದೋಣಿಯನ್ನು ಎತ್ತಿ ಹಿಡಿಯಬೇಕು, ಅಷ್ಟೇ.

ಭಾನುವಾರ ಬೆಳಿಗ್ಗೆ ವೀರೇಶ ಗೊಣಗುತ್ತಲೇ ಹತ್ತಿ ಕಾಲು ಚಾಚಿ ಕೂತ. ಯಮುನಮ್ಮ ಹುಟ್ಟು ಹಾಕುತ್ತಾ ಆಳದ ನೀರಿಗೆ ಬಂದಳು.

"ಏಳ್ರೀ ಈಗ."

ಅವನು ಅಂಚು ಹಿಡಿದು ಎದ್ದ. ದೋಣಿ ವಾಲಿತು. ಪೈಪು ನೀರನ್ನು ಒತ್ತಿತು, ದೋಣಿ ನೆಟ್ಟಗಾಯಿತು. ವೀರೇಶ ಬೇಕೆಂದೇ ಇನ್ನೊಂದು ಕಾಲಿಗೆ ಭಾರ ಬಿಟ್ಟು ನೋಡಿದ. ಆಗಲೂ ನಿಂತಿತು. ಬಲೆಗೆ ಕೈ ಹಾಕಿದ, ಸೊಂಟ ತಿರುಗಿಸಿ ಬೀಸಿಯೇಬಿಟ್ಟ. ಬಲೆ ನೀರಿನ ಮೇಲೆ ದುಂಡಗೆ ಹರಡಿ ಬಿತ್ತು.

"ಬಿತ್ತು! ಮೊದಲಿನಂಗೇ ಬಿತ್ತು ನೋಡ್ರೀ!" ಯಮುನಮ್ಮ ಹುಟ್ಟು ಬಿಟ್ಟು ಎದ್ದು ಕುಣಿದಾಡಿದಳು. ದಡದಲ್ಲಿ ಮಹಾಂತೇಶ ಸೀಟಿ ಹೊಡೆದ.

ವೀರೇಶ ಬಲೆಯ ಹಗ್ಗದಿಂದ ಕಣ್ಣು ತೆಗೆಯದೆ ಗದರಿದ: "ಏ, ಕೂತ್ಕೊಳ್ಳೇ! ಮೀನು ಹೆದರ್ತಾವೆ."

ಎರಡು ವರ್ಷದಿಂದ ನೀರಿನ ಮೇಲೆ ಅವಳನ್ನು ಯಾರೂ ಹೀಗೆ ಗದರಿರಲಿಲ್ಲ. ಯಮುನಮ್ಮ ಬಾಯಿ ಮುಚ್ಚಿಕೊಂಡು ಕೂತಳು. ಕಣ್ಣೀರು ಮಾತ್ರ ನಿಲ್ಲಲಿಲ್ಲ.